ವಿಕಿರಣ ಚಿಕಿತ್ಸೆಯ ಅನಂತರದ ಶಸ್ತ್ರವ್ರಣ: ಒಂದು ಚಾರಿತ್ರಿಕ ವಿವೇಚನೆ

ಬೆಂಗಳೂರು ದಂಡುಪ್ರದೇಶದ ಶಿವಾಜಿನಗರದಲ್ಲಿರುವ ಬೌರಿಂಗ್ ಆಸ್ಪತ್ರೆಗೆ 1866ರಲ್ಲಿ ಅಸ್ತಿಭಾರ ಬಿದ್ದಿತು. 1868ರಲ್ಲಿ ಕಟ್ಟಡ ಸಿದ್ಧವಾಯಿತು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರನ್ನು ಹೊತ್ತ ಈ ಆಸ್ಪತ್ರೆಗೆ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ ಮಾದರಿ. ವಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ, ಎರಡು ಪಕ್ಕಗಳಿಂದಲೂ ಗಾಳಿಯಾಡಿಸುವುದು ಆ ಮಾದರಿಯ ತತ್ತ್ವ. ಕೆಟ್ಟ ಗಾಳಿಯಿಂದ ಗಾಯ ಕೊಳೆಯುತ್ತದೆಂಬ ನಂಬಿಕೆ ಅದರ ಹಿಂದಿತ್ತು. ಇಲ್ಲಿ ಗೋಡೆಗಳು ಏಳುತ್ತಿದ್ದಾಗಲೇ, 1867ರಲ್ಲಿ, ಗ್ಲಾಸ್ಗೋ ನಗರದ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ರಕ್ಷಿಸುವ ವಿಧಾನವನ್ನು ಪ್ರಕಟಿಸಿದನು. ದೋಷ ಗಾಳಿಯದಲ್ಲ, ಕ್ರಿಮಿಗಳದು ಎಂದಾಯಿತು.

ಶಸ್ತ್ರವೈದ್ಯದ ಕಥೆಯನ್ನು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಅದು ಸಾಲದೆಂದು ನನ್ನ ಅಭಿಪ್ರಾಯ. ಈ ಎರಡು ಮತಗಳಲ್ಲಿಯೂ ಗಾಯದ ಶತ್ರು ಹೊರಗಿನವನೇ. 1895ರಲ್ಲಿ ಕ್ಷ-ಕಿರಣವೂ 1898ರಲ್ಲಿ ರೇಡಿಯಮ್ಮೂ ಬೆಳಕಿಗೆ ಬಂದು, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಬಳಕೆಯಾದ ಮೇಲೆ ತೊಡಕು ಒಳಗಿನಿಂದಲೂ ಹುಟ್ಟಿತು. ವಿಕಿರಣವು ರೋಗದ ಗಂಟನ್ನು ಸುಡುವುದರ ಜೊತೆಗೆ ಸುತ್ತಲಿನ ಸೂಕ್ಷ್ಮ ರಕ್ತನಾಳಗಳನ್ನೂ ಸಂಕುಚಿತಗೊಳಿಸುತ್ತದೆ, ಮಾಂಸ ನಾರುಗಟ್ಟುತ್ತದೆ. ಅಂತಹ ಕಡೆ ಎಷ್ಟೇ ಶುಚಿಯಾದ ಕತ್ತಿಯಿಂದ ಕೊಯ್ದರೂ ಗಾಯ ಕೂಡಲು ಬೇಕಾದ ರಕ್ತ ದೊರೆಯದು. ವಿಕಿರಣದ ಅನಂತರ ಮರುಕಳಿಸಿದ ಗಂಟಲಿನ ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ತೆಗೆದಾಗ, ಒಳಹೊಲಿಗೆ ಬಿಚ್ಚಿ ಎಂಜಲು ಕುತ್ತಿಗೆಯಲ್ಲಿ ಸೋರುವುದುಂಟು. ಅದರಲ್ಲಿ ನೆನೆದು ಕುತ್ತಿಗೆಯ ದೊಡ್ಡ ಧಮನಿ ಒಡೆದರೆ ಪ್ರಾಣಕ್ಕೇ ಸಂಚಕಾರ.

ಇದಕ್ಕೆ ಕಂಡುಕೊಂಡ ಉಪಾಯವೆಂದರೆ ವಿಕಿರಣ ತಾಗದ ಮಾಂಸವನ್ನು ಅದರದೇ ಧಮನಿಯೊಡನೆ ತಂದು ಹೊದಿಸುವುದು. ಇದರ ಮೂಲವನ್ನು ಅರಸುತ್ತ ಹೋದರೆ ನಮ್ಮ ನೆಲದ ಒಂದು ಯುದ್ಧಕ್ಕೇ ಬಂದು ಮುಟ್ಟುತ್ತೇವೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಬೆಂಗಳೂರು ಪೇಟೆಯನ್ನು ಹೊಕ್ಕಿತು. ಅದೇ ಯುದ್ಧದಲ್ಲಿ ಕವಾಸ್‌ಜಿಯೆಂಬ ಮರಾಠಿ ಎತ್ತಿನಾಳು ಇಂಗ್ಲಿಷರ ಪಕ್ಷದಲ್ಲಿದ್ದು ಟಿಪ್ಪುವಿನ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು 1794ರ ಲಂಡನ್ ಪತ್ರಿಕೆಯೊಂದು ವರದಿ ಮಾಡಿತು. ಪುಣೆಯ ಬಳಿಯ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಹೊಸ ಮೂಗನ್ನು ಕೂಡಿಸಿದನು. ಬುಡ ಉಳಿದದ್ದರಿಂದ ರಕ್ತ ಉಳಿಯಿತು. ನೋಡಿದ ಇಂಗ್ಲಿಷ್ ವೈದ್ಯರ ಹೆಸರುಗಳು ವರದಿಯಲ್ಲಿವೆ, ಮಾಡಿದವನ ಹೆಸರಿಲ್ಲ.

1963ರಲ್ಲಿ ಮ್ಯಾಕ್‌ಗ್ರೆಗರ್ ಎಂಬ ಶಸ್ತ್ರವೈದ್ಯನು ಬಾಯಿಯ ಕ್ಯಾನ್ಸರನ್ನು ತೆಗೆದ ಕಡೆ ಹಣೆಯ ಚರ್ಮವನ್ನೇ ತಂದು ಹೊದಿಸಿದ ಕ್ರಮವನ್ನು ಪ್ರಕಟಿಸಿದನು. ಅವನೂ ಲಿಸ್ಟರನ ಗ್ಲಾಸ್ಗೋದವನೇ! 1979ರಲ್ಲಿ ಅಮೆರಿಕದ ಆರಿಯನ್ ಎದೆಯ ಸ್ನಾಯುವನ್ನು ಚರ್ಮದೊಡನೆ ಕುತ್ತಿಗೆಗೆ ಏರಿಸುವ ವಿಧಾನವನ್ನು ತಿಳಿಸಿದನು. ಇಂತಹ ಹೊದಿಕೆಯಿಂದ ಸೋರಿಕೆ ಪೂರ್ತಿ ನಿಲ್ಲದಿದ್ದರೂ ಅದರ ಅಪಾಯ ತಗ್ಗುತ್ತದೆ.

ಮಿಕ್ಕ ಎಚ್ಚರಿಕೆಗಳು ಶಸ್ತ್ರಾಗಾರದ ಹೊರಗಿನವು. ಹುಳುಕು ಹಲ್ಲುಗಳನ್ನು ವಿಕಿರಣಕ್ಕೆ ಮೊದಲೇ ಕೀಳಬೇಕು. ರೋಗಿ ತಂಬಾಕು ಬಿಟ್ಟು ಮೈಗೆ ಹತ್ತುವ ಆಹಾರ ಪಡೆಯಬೇಕು. ಕುತ್ತಿಗೆಗೆ ವಿಕಿರಣವಾದವರಲ್ಲಿ ಥೈರಾಯ್ಡ್ ಗ್ರಂಥಿ ಸೊರಗಿ ಗಾಯ ಕೂಡುವುದು ತಡವಾಗಬಹುದಾದ್ದರಿಂದ, ಶಸ್ತ್ರಕ್ರಿಯೆಗೆ ಮೊದಲು ರಕ್ತವನ್ನು ಪರೀಕ್ಷಿಸಿ ಕೊರತೆಯನ್ನು ತುಂಬಿಸುವುದುಂಟು.