ಹುಲ್ಲಿನ ಮೇಲೆ ನಾಯಕ, ಟರ್ಫ್ ಮೇಲೆ ಗುರು: ಹಾಕಿಯ ಎಂ. ಪಿ. ಗಣೇಶ್



ಹಾಕಿ ಎಂದೊಡನೆ ನಮಗೆಲ್ಲ ಧ್ಯಾನ್‌ಚಂದ್ ನೆನಪಾಗುತ್ತಾರೆ. ನಮ್ಮ ಹಿರಿಯರಿಗೆ ಅಸ್ಲಂ ಶೇರ್ ಖಾನ್, ಜಾಫರ್ ಇಕ್ಬಾಲ್ ಅವರ ಹೆಸರುಗಳೂ ಬಾಯಿಪಾಠ. ಆದರೆ ವಿಶ್ವಕಪ್ ಫೈನಲ್ಲಿನಲ್ಲಿ ಭಾರತವನ್ನು ಮುನ್ನಡೆಸಿದ ಕರ್ನಾಟಕದ ಆಟಗಾರ ಯಾರೆಂದು ಗದಗ-ಬೆಟಗೇರಿಯ ಯಾವುದಾದರೂ ಶಾಲೆಯಲ್ಲಿ ಕೇಳಿ ನೋಡಿರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಕೇಳಿರಿ. ಥಟ್ಟನೆ ಉತ್ತರ ಬರುವುದು ಕಡಿಮೆ. ಅವರೇ ಕೊಡಗಿನ ಮೊಳ್ಳೇರ ಪೂವಯ್ಯ ಗಣೇಶ್.

1946ರಲ್ಲಿ ಹುಟ್ಟಿದ ಗಣೇಶ್ ಮೊದಲು ಫುಟ್‌ಬಾಲ್ ಆಡುತ್ತಿದ್ದವರು. ಸೈನ್ಯ ಸೇರಿ ಸರ್ವೀಸಸ್ ತಂಡದ ಹಾಕಿ ಆಟಗಾರರಾಗಿ ಬೆಳೆದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 1971ರ ಬಾರ್ಸಿಲೋನಾ ವಿಶ್ವಕಪ್ಪಿನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡಗಳಲ್ಲಿ ಅವರಿದ್ದರು. ಮರುವರ್ಷ ನಾಯಕತ್ವ ಅವರ ಹೆಗಲಿಗೆ ಬಂತು.

1973ರ ವಿಶ್ವಕಪ್ ನಡೆದದ್ದು ಹಾಲೆಂಡಿನಲ್ಲಿ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿ. ಸೆಮಿಫೈನಲ್ಲಿನಲ್ಲಿ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿದ ನಮ್ಮವರು ಫೈನಲ್ಲಿನಲ್ಲಿ ಆತಿಥೇಯರನ್ನೇ ಎದುರಿಸಿದರು. ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ಕಪ್ಪು ಕೈಗೆ ಬಂತೆಂದೇ ಎಲ್ಲರೂ ತಿಳಿದರು. ಡಚ್ಚರು ಬಿಡಲಿಲ್ಲ, 2-2 ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಆ ಒಂದು ಹೊಡೆತ ಒಳಗೆ ಹೋಗಿದ್ದರೆ ವಿಶ್ವಕಪ್ ನಮ್ಮದು! ಹೊಡೆಯಲು ನಿಂತವರು ಬಿ. ಪಿ. ಗೋವಿಂದ, ಅವರೂ ಕೊಡಗಿನವರೇ. ಗೋಲು ಆಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲಿ ಹಾಲೆಂಡ್ 4-2ರಿಂದ ಗೆದ್ದಿತು.

ಗೋವಿಂದ ಅವರ ಅದೃಷ್ಟ ತೆರೆಯಿತು. 1975ರಲ್ಲಿ ಕೌಲಾಲಂಪುರದಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಗಣೇಶ್ ಇರಲಿಲ್ಲ. 1973ರ ಅರ್ಜುನ ಪ್ರಶಸ್ತಿ, 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದ ಇನ್ನೊಂದು ಬೆಳ್ಳಿ, ಇಷ್ಟರಲ್ಲಿ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು.

ಮುಂದಿನ ಸಂಗತಿಯನ್ನು ವಾಚಕರು ಗಮನವಿಟ್ಟು ಓದಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಹಾಕಿಯನ್ನು ಹುಲ್ಲಿನ ಬದಲು ಕೃತಕ ಟರ್ಫ್ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ 7ನೇ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ನೆಲದಲ್ಲಿ ಚೆಂಡು ಪುಟಿಯುತ್ತದೆ, ತಡವರಿಸುತ್ತದೆ. ಅದನ್ನು ಕೋಲಿಗೆ ಅಂಟಿಸಿಕೊಂಡು ಹೋಗುವ ಮಣಿಕಟ್ಟಿನ ಚಳಕವೇ ನಮ್ಮವರ ಆಸ್ತಿ. ಟರ್ಫ್ ಮೇಲೆ ಚೆಂಡು ನೆಟ್ಟಗೆ, ಬಲು ವೇಗವಾಗಿ ಓಡುತ್ತದೆ. ಅಲ್ಲಿ ದಮ್ಮು ಬೇಕು, ಓಟ ಬೇಕು, ದೂರದ ಪಾಸು ಬೇಕು. ಯುರೋಪಿನ ಕ್ಲಬ್ಬುಗಳು ಬೇಗನೆ ಟರ್ಫ್ ಹಾಸಿಕೊಂಡವು. ನಮ್ಮ ಹುಡುಗರೋ ಮಣ್ಣಿನಲ್ಲಿ ಕಲಿತು ನೇರ ಟರ್ಫಿಗೆ ಇಳಿಯಬೇಕಾಯಿತು. ಎರೆ ಹೊಲದಲ್ಲಿ ನಡೆದು ರೂಢಿಯಾದವನನ್ನು ನುಣುಪು ಫರಸಿಯ ಮೇಲೆ ಓಡಿಸಿದರೆ ಹೇಗಾದೀತು? 1980ರಲ್ಲಿ ಮಾಸ್ಕೋದ ಚಿನ್ನ ಬಂತು, ನಿಜ. ಹಲವು ಬಲಿಷ್ಠ ದೇಶಗಳು ಆ ಕೂಟವನ್ನು ಬಹಿಷ್ಕರಿಸಿದ್ದವು ಎಂಬುದನ್ನೂ ಸೇರಿಸಿ ಹೇಳಬೇಕು. 1986ರ ಲಂಡನ್ ವಿಶ್ವಕಪ್ಪಿನಲ್ಲಿ 12 ತಂಡಗಳ ಪೈಕಿ ಭಾರತದ ಸ್ಥಾನ 12ನೆಯದು.

ಇಂಥ ಹೊತ್ತಿನಲ್ಲಿ, 1988ರ ಸಿಯೋಲ್ ಒಲಿಂಪಿಕ್ಸ್‌ಗೆ ತಂಡದ ತರಬೇತುದಾರರಾಗಿ ಹೋದವರು ಗಣೇಶ್. ನಾಯಕ ಎಂ. ಎಂ. ಸೋಮಯ್ಯ, ಮತ್ತೊಬ್ಬ ಕೊಡಗಿನವರು. ತಾನು ಹೆಸರು ಮಾಡಿದ ನೆಲ ಒಂದು, ಶಿಷ್ಯರಿಗೆ ಕಲಿಸಬೇಕಾದ ನೆಲ ಇನ್ನೊಂದು. ಮೊದಲ ಪಂದ್ಯದಲ್ಲಿಯೇ ಸೋವಿಯತ್ ಒಕ್ಕೂಟದೆದುರು 0-1ರ ಸೋಲು. ಮುಂದೆ ಚಿನ್ನ ಗೆದ್ದ ಬ್ರಿಟನ್ನಿನೆದುರು 0-3. ಕೊನೆಗೆ ದಕ್ಕಿದ್ದು 6ನೇ ಸ್ಥಾನ.

ಆರನೇ ಸ್ಥಾನವೆಂದರೆ ಸೋಲೇ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಎರಡು ವರ್ಷ ಹಿಂದೆ ಕಟ್ಟಕಡೆಗೆ ನಿಂತಿದ್ದ ತಂಡ ಅದು. ಟರ್ಫುಗಳನ್ನು ಹಾಸಿಕೊಡುವುದು ತರಬೇತುದಾರನ ಕೈಯಲ್ಲಿರಲಿಲ್ಲ. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತ ಮತ್ತೆ ಪದಕ ಕಂಡದ್ದು 2021ರಲ್ಲಿ, ಟೋಕಿಯೋದಲ್ಲಿ. ಮಾಸ್ಕೋದ ನಂತರ 41 ವರ್ಷಕ್ಕೆ. ನಡುವೆ ಎಷ್ಟು ಮಂದಿ ತರಬೇತುದಾರರು ಬಂದು ಹೋದರೋ!

ಗಣೇಶ್ ಆಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಅಧಿಕಾರಿಯಾಗಿ ದುಡಿದರು. ಅವರ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕುಟುಂಬ-ಕುಟುಂಬಗಳ ನಡುವಣ ಹಾಕಿ ಹಬ್ಬ ಆರಂಭಿಸಿದರು. ಒಂದೇ ಮನೆತನದ ಹಿರಿಯರು, ಕಿರಿಯರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಗಣೇಶ್ ಅವರಿಗೆ ಪದ್ಮಶ್ರೀ ಬಂದದ್ದು 2020ರಲ್ಲಿ, ಆಮ್‌ಸ್ಟಲ್‌ವೇನ್‌ನ ಆ ಫೈನಲ್ ಮುಗಿದು 47 ವರ್ಷಗಳ ಮೇಲೆ.