ಬೋವಿ ಚಾಕುವಿನ ಹುಸಿ ಅಂಚು

ತೆಂಗಿನಕಾಯಿ ಒಡೆಯುವಾಗ ಕತ್ತಿ ತಿರುಗಿಸಿ ಬೆನ್ನಿನಿಂದ ಹೊಡೀತೀವಲ್ಲ, ಆ ಬೆನ್ನನ್ನೇ ಮೊನೆಯ ಹತ್ತಿರ ಎರಡೂ ಬದಿಯಿಂದ ಅರ ಹಾಕಿ ಇಳಿಜಾರು ಮಾಡಿದರೆ ಹೇಗಿರುತ್ತೆ? ಅಮೆರಿಕದ ಬೋವಿ ಚಾಕುವಿನ ಚಿತ್ರ ನೋಡಿದವರಿಗೆ ಗೊತ್ತಿರುತ್ತೆ. ನೇರವಾಗಿ ಬಂದ ಬೆನ್ನು ಮೊನೆಗೆ ಕೆಲವು ಇಂಚು ಇರುವಾಗ ಒಳಕ್ಕೆ ಬಾಗಿ, ಅಲ್ಲಿಂದ ಇನ್ನೊಂದು ಅಂಚು ಶುರುವಾಗುತ್ತೆ. ಇಂಗ್ಲಿಷಿನಲ್ಲಿ ಅದು ಫಾಲ್ಸ್ ಎಡ್ಜ್. ನಾನು ಹುಸಿ ಅಂಚು ಅಂತ ಬರೀತೀನಿ. ಇದಕ್ಕಿಂತ ಒಳ್ಳೆ ಪದ ಹೊಳೆದರೆ ಹೇಳಿ.

ಹುಸಿ ಅಂದಮಾತ್ರಕ್ಕೆ ಮೊಂಡು ಅಂದ್ಕೋಬೇಡಿ. ಈ ಮಾತು ಹಿಂದಿನಿಂದ ಖಡ್ಗವಿದ್ಯೆಯಲ್ಲಿದೆ. ಎರಡೂ ಕಡೆ ಹರಿತವಾದ ಕತ್ತಿ ಹಿಡಿದಾಗ ಎದುರಾಳಿಯ ಕಡೆಗಿರುವುದು ನಿಜ ಅಂಚು, ಹಿಡಿದವನ ಕಡೆಗಿರುವುದು ಹುಸಿ ಅಂಚು. ಬೊಲೊನ್ಯಾದ ಅಕಿಲೆ ಮಾರೊಟ್ಸೊ 1536ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಹುಸಿ ಅಂಚಿನ ಹೊಡೆತಗಳ ಪಾಠವಿದೆ. ಚಾಕುವಿನ ಲೋಕದಲ್ಲಿ ಅರ್ಥ ಸಡಿಲ. ಬೆನ್ನಿನ ಇಳಿಜಾರು ಹರಿತವಿದ್ದರೂ ಅದೇ ಹೆಸರು, ಇಲ್ಲದಿದ್ದರೂ ಅದೇ ಹೆಸರು.

ಈಗ ಬೋವಿಯ ಕಥೆಗೆ ಬರೋಣ. 1827ರ ಸೆಪ್ಟೆಂಬರ್ 19. ಮಿಸಿಸಿಪಿ ನದಿಯ ಒಂದು ಮರಳದಿಣ್ಣೆಯ ಮೇಲೆ, ನ್ಯಾಚೆಜ್ ಊರಿನ ಹತ್ತಿರ, ಇಬ್ಬರು ಮಹನೀಯರು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಗುಂಡು ಯಾರಿಗೂ ತಾಗಲಿಲ್ಲ, ಕೈಕುಲುಕಿದರು, ಮುಗೀತು. ಆದರೆ ನೋಡಲು ಬಂದವರು ಹೊಡೆದಾಡಿಕೊಂಡರು! ಜೇಮ್ಸ್ ಬೋವಿಗೆ ಗುಂಡೂ ಬಿತ್ತು, ಇರಿತವೂ ಆಯಿತು. ಆದರೂ ತನ್ನ ದೊಡ್ಡ ಚಾಕುವಿನಿಂದ ನಾರಿಸ್ ರೈಟ್‌ನನ್ನು ಕೊಂದ. ಸುದ್ದಿ ಪತ್ರಿಕೆಗಳಲ್ಲಿ ಹರಡಿತು, ಅಂಥದೇ ಚಾಕು ಬೇಕು ಅಂತ ಜನ ಕೇಳತೊಡಗಿದರು.

ಆ ಚಾಕು ಹೇಗಿತ್ತು? ಅಣ್ಣ ರೆಝಿನ್ ಬೋವಿ 1838ರಲ್ಲಿ ಪತ್ರಿಕೆಗೆ ಕಾಗದ ಬರೆದು ತಾನೇ ವಿವರಿಸಿದ್ದಾನೆ. ಬೇಟೆಗೆಂದು ತಾನು ಮಾಡಿಸಿದ ಚಾಕು. ಉದ್ದ ಒಂಬತ್ತೂಕಾಲು ಇಂಚು, ಅಗಲ ಒಂದೂವರೆ ಇಂಚು, ಹರಿತ ಒಂದೇ ಕಡೆ, ಅಲಗಿನಲ್ಲಿ ಬಾಗು ಇಲ್ಲ. ಕಸಾಯಿ ಚಾಕುವಿನ ಅಣ್ಣ ಅನ್ನಿ. ಬೆನ್ನು ಕೊರೆದದ್ದರ ಸುದ್ದಿಯೇ ಇಲ್ಲ! ಅವನು ಬ್ಯಾಟನ್ ರೂಜ್‌ನ ಡೇನಿಯಲ್ ಸರ್ಲ್ಸ್ ಕೈಲಿ ಮಾಡಿಸಿ ಸ್ನೇಹಿತನಿಗೆ ಕೊಟ್ಟ ಚಾಕು ಉಳಿದಿದೆ, ಅದರ ಬೆನ್ನೂ ನೇರವೇ. ಜೇಮ್ಸ್ 1836ರ ಮಾರ್ಚ್ 6ರಂದು ಅಲಾಮೊ ಕೋಟೆಯಲ್ಲಿ ಸತ್ತ.

ಹಾಗಾದರೆ ಈಗ ನಾವು ಬೋವಿ ಅನ್ನುವ ಆಕಾರ ಬಂದದ್ದೆಲ್ಲಿಂದ? ಬೇಡಿಕೆ ಎದ್ದ ಮೇಲೆ ಒಬ್ಬೊಬ್ಬ ಕಮ್ಮಾರ ಒಂದೊಂದು ಥರ ಮಾಡಿದ. ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಹಡಗುಗಟ್ಟಲೆ ಬಂತು. 1837ರಲ್ಲಿ ಅಲಬಾಮಾ ಸರ್ಕಾರ ಒಂದೊಂದು ಬೋವಿ ಚಾಕುವಿನ ಮಾರಾಟಕ್ಕೆ 100 ಡಾಲರ್ ತೆರಿಗೆ ಹಾಕಿತು ಅಂದರೆ ಹುಚ್ಚು ಎಷ್ಟಿತ್ತು ಲೆಕ್ಕ ಹಾಕಿ. ಕೊರೆದ ಬೆನ್ನು, ಹುಸಿ ಅಂಚು ಈ ಗದ್ದಲದಲ್ಲಿ ನೆಲೆಯೂರಿದವು. ಇಪ್ಪತ್ತನೇ ಶತಮಾನದ ಜನರ ಕಣ್ಣಲ್ಲಿ ಅದನ್ನು ಗಟ್ಟಿ ಮಾಡಿದ್ದು ಸಿನಿಮಾ. 1952ರ 'ದಿ ಐರನ್ ಮಿಸ್ಟ್ರೆಸ್'ನಲ್ಲಿ ಆಲನ್ ಲ್ಯಾಡ್ ಕೈಲಿದ್ದ ಚಾಕುವನ್ನೇ ಎಷ್ಟೋ ಜನ ಅಸಲಿ ಅಂದುಕೊಂಡರು.

ನನಗೆ ಇದರಿಂದ ಹುಸಿ ಅಂಚಿನ ಮೇಲೆ ಗೌರವ ಕಮ್ಮಿಯಾಗಲಿಲ್ಲ. ಮಾಡೋದು ಸುಲಭವಲ್ಲ, ಅದಕ್ಕೆ. ಬಡಿದು ಆಕಾರ ತಂದ ಮೇಲೆ, ಹದ ಕೊಡುವ ಮುಂಚೆ, ಬೆನ್ನಿನ ನಡುವೆ ಗೆರೆ ಎಳೆದುಕೊಳ್ಳಬೇಕು. ಅರದಿಂದ ಈ ಬದಿ ಎಷ್ಟು ಎಳೆದರೋ ಆ ಬದಿಯೂ ಅಷ್ಟೇ. ಒಂದು ಕಡೆ ಒಂಚೂರು ಹೆಚ್ಚು ಹೋದರೂ ಮೊನೆ ಸೊಟ್ಟಗೆ ಕಾಣುತ್ತೆ. ಆಗಲೇ ಪೂರ್ತಿ ತೆಳ್ಳಗೆ ಮಾಡುವ ಹಾಗೂ ಇಲ್ಲ, ಕಾದ ಅಲಗನ್ನು ಎಣ್ಣೆಗೆ ಅದ್ದಿದಾಗ ತೆಳು ಭಾಗ ತಿರುಚಿಕೊಳ್ಳುತ್ತೆ, ಇಲ್ಲವೇ ಬಿರಿಯುತ್ತೆ. ಉಳಿದದ್ದನ್ನು ಹದ ಆದ ಮೇಲೆ ಸಾಣೆಯಲ್ಲಿ ತೆಗೀಬೇಕು, ಪದೇ ಪದೇ ನೀರಿಗೆ ಅದ್ದುತ್ತಾ. ಮೊನೆಯಲ್ಲಿ ನೀಲಿ ಬಣ್ಣ ಕಂಡಿತೋ, ಹದ ಹೋಯಿತು ಅಂತಲೇ. ಅಲ್ಲಿಯವರೆಗಿನ ದುಡಿಮೆ ನೀರುಪಾಲು.

ಕೈಯಲ್ಲಿ ಬಡಿದು ಚಾಕು ಮಾಡುವ ಕಸುಬು ಅಮೆರಿಕದಲ್ಲಿ ಸೊರಗಿಹೋಗಿದ್ದಾಗ ಅದನ್ನು ಎತ್ತಿ ನಿಲ್ಲಿಸಿದವರಲ್ಲಿ ಮುಖ್ಯ ಬಿಲ್ ಮೋರನ್. 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಹುಟ್ಟಿತು. ಅದರ ಪರೀಕ್ಷೆ ಮಜವಾಗಿದೆ. ಇಳಿಬಿಟ್ಟ ಒಂದಿಂಚಿನ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ತೊಲೆ ಕಡಿಯಬೇಕು, ಅಷ್ಟಾದರೂ ಅದೇ ಅಂಚಿನಿಂದ ಕೈಯ ಕೂದಲು ಬೋಳಿಸಬೇಕು. ಕೊನೆಗೆ ಅದೇ ಚಾಕುವನ್ನು ವೈಸ್‌ಗೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿದರೆ ನಪಾಸು.

ಮುರಿಯದಿರಲಿ ಅಂತ ಬಾಯಿಯನ್ನು ಮಾತ್ರ ಗಟ್ಟಿ ಮಾಡಿ, ಬೆನ್ನನ್ನು ಮೆತ್ತಗೆ ಉಳಿಸಿಕೊಳ್ಳುತ್ತಾರೆ. ಹುಸಿ ಅಂಚು ಇರುವುದು ಆ ಮೆತ್ತನೆಯ ಬೆನ್ನಲ್ಲೇ. ಎಷ್ಟು ಸಾಣೆ ಹಿಡಿದರೂ ಅಲ್ಲಿ ಹರಿತ ಹೆಚ್ಚು ಹೊತ್ತು ನಿಲ್ಲುವುದಿಲ್ಲ.