ಮಳೆಗಾಲದ ಬಿರುಕು

ಶಾಲೆಯ ಇತಿಹಾಸ ಪುಸ್ತಕದಲ್ಲಿ ಕಾಡತೂಸು ಬರೋದು ಒಂದೇ ಸಲ. 1857, ಎನ್‌ಫೀಲ್ಡ್ ಬಂದೂಕು, ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಗದದ ಪೊಟ್ಟಣ, ಅದಕ್ಕೆ ಸವರಿದ ಕೊಬ್ಬು. ಪರೀಕ್ಷೆಯಲ್ಲಿ ಗ್ಯಾರಂಟಿ ಪ್ರಶ್ನೆ. ಅಷ್ಟು ಹೇಳಿ ಪುಸ್ತಕ ಮುಂದಿನ ಪಾಠಕ್ಕೆ ಹೋಗುತ್ತೆ. ನನಗೆ ಕುತೂಹಲ ಹುಟ್ಟಿದ್ದು ಕಾಗದ ಹೋಗಿ ಹಿತ್ತಾಳೆ ಬಂದ ಮೇಲಿನ ಕಥೆಯಲ್ಲಿ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದೂ ನಮ್ಮ ದೇಶದಲ್ಲೇ, ಕುದುರೆ ಲಾಯದಲ್ಲಿ.

1866ರಲ್ಲಿ ಬ್ರಿಟಿಷ್ ಸೇನೆ ಸ್ನೈಡರ್ ಬಂದೂಕಿಗೆ ಬದಲಾಯಿತು. ಅದಕ್ಕೆ ತೋಟಾ ರೂಪಿಸಿದವನು ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್. ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿದ ಕೊಳವೆ ಅದು. (ಬಾಕ್ಸರ್ ಹೆಸರಿನ ಕೇಪು ಇವತ್ತು ಅಮೆರಿಕದಲ್ಲಿ ಮನೆಮಾತು, ಬರ್ಡನ್ ಅನ್ನೋ ಅಮೆರಿಕದವನ ಹೆಸರಿನ ಕೇಪು ಯುರೋಪಿನ ಸೇನೆಗಳಲ್ಲಿ ನೆಲೆ ನಿಂತಿತು. ಇತಿಹಾಸಕ್ಕೂ ತಮಾಷೆ ಗೊತ್ತು.) ಆಮೇಲೆ ಸುತ್ತಿದ ಹಾಳೆ ಹೋಗಿ ಒಂದೇ ತುಂಡಿನ ಹಿತ್ತಾಳೆ ಕವಚ ಬಂತು. 1880ರ ದಶಕದ ಕೊನೆಗೆ ಬಂದ .303 ತೋಟಾವಂತೂ ನೋಡೋಕೆ ಪುಟ್ಟ ಸೀಸೆ ಇದ್ದ ಹಾಗೆ. ದಪ್ಪ ಹೊಟ್ಟೆಯಲ್ಲಿ ಮದ್ದು, ಸಣ್ಣ ಕತ್ತಿನಲ್ಲಿ ಗುಂಡು. ನನ್ನ ಕಥೆ ಈ ಕತ್ತಿನದ್ದು.

ಈ ಕವಚ ಮಾಡೋ ಬಗೆ ಹೀಗೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆಯ ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡ್ತಾರೆ. ಬಟ್ಟಲನ್ನು ಹಂತ ಹಂತವಾಗಿ ಎಳೆದು ಕೊಳವೆ ಮಾಡ್ತಾರೆ, ಕೊನೆಗೆ ಬಾಯಿಯ ಕಡೆ ಹಿಸುಕಿ ಕತ್ತು ತರ್ತಾರೆ. ಎಲ್ಲಾ ತಣ್ಣಗಿದ್ದಾಗಲೇ. ತಣ್ಣಗಿರೋ ಹಿತ್ತಾಳೆಗೆ ಪೆಟ್ಟು ಬಿದ್ದಷ್ಟೂ ಅದು ಗಟ್ಟಿಯಾಗುತ್ತೆ, ಕೊನೆಗೆ ಸೀಳುತ್ತೆ. ಕೊಡ ಬಡಿಯೋ ಕಂಚುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರು ನಡುನಡುವೆ ಪಾತ್ರೆಯನ್ನು ಒಲೆಗಿಟ್ಟು ಕಾಯಿಸಿ, ಹದಕ್ಕೆ ತಂದು ಮತ್ತೆ ಬಡಿಯುತ್ತಾರೆ. ನಾವು ಬಿಇಯಲ್ಲಿ ಅದನ್ನೇ ‘ಅನೀಲಿಂಗ್’ ಅಂತ ಉರು ಹೊಡೆದು ಪಾಸಾದೆವು. ಹದ ಅನ್ನೋ ಎರಡಕ್ಷರದಲ್ಲಿ ಇಡೀ ಚಾಪ್ಟರೇ ಇದೆ ಅಂತ ಆಗ ಯಾರೂ ಹೇಳಲಿಲ್ಲ.

ಈಗ ಲಾಯದ ವಿಷಯ. ಮಳೆಗಾಲ ಬಂದರೆ ಇಲ್ಲಿ ಬ್ರಿಟಿಷ್ ಸೇನೆಯ ಓಡಾಟ ಕಡಿಮೆಯಾಗುತ್ತಿತ್ತು. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟು, ಮಳೆ ನಿಂತ ಮೇಲೆ ತೆಗೆಯೋರು. ತೆಗೆದು ನೋಡಿದರೆ ಎಷ್ಟೋ ತೋಟಾಗಳಲ್ಲಿ ಬಿರುಕು. ಅದೂ ಹೆಚ್ಚಾಗಿ ಹಿತ್ತಾಳೆ ಗುಂಡನ್ನು ಬಿಗಿಯಾಗಿ ಕಚ್ಚಿಕೊಂಡ ಜಾಗದಲ್ಲಿ, ಕತ್ತಿನಲ್ಲಿ. ಯಾರೂ ಅದನ್ನು ಹಾರಿಸಿಲ್ಲ, ಕೆಳಗೆ ಬೀಳಿಸಿಲ್ಲ. ಸುಮ್ಮನೆ ಪೆಟ್ಟಿಗೆಯಲ್ಲಿ ಮಲಗಿದ್ದ ಲೋಹ ತಾನಾಗೇ ಸೀಳಿತ್ತು. ಕತ್ತು ಸೀಳಿದರೆ ಗುಂಡಿನ ಹಿಡಿತ ಸಡಿಲ, ಒಳಗಿನ ಮದ್ದಿಗೆ ತೇವ. ಅಂಥ ತೋಟಾ ನಂಬಿ ಹೊರಟ ಸಿಪಾಯಿಯ ಗತಿ ಯೋಚಿಸಿ.

ಲೋಹಶಾಸ್ತ್ರದಲ್ಲಿ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅನ್ನೋ ಹೆಸರಿದೆ. ಕೇಳಿದರೆ ಋತುವಿನದ್ದೇ ತಪ್ಪು ಅನ್ನಿಸುತ್ತೆ. ಪೂರ್ತಿ ವಿವರಣೆ ಸಿಕ್ಕಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಅನ್ನೋ ಮೂವರಿಂದ. ಅಪರಾಧಿ ಮಳೆಯಲ್ಲ, ಕುದುರೆ ಉಚ್ಚೆ! ಅದರಿಂದ ಏಳೋ ಅಮೋನಿಯಾ, ಗಾಳಿಯ ತೇವದ ಜೊತೆ ಸೇರಿ ಹಿತ್ತಾಳೆಯ ಹರಳುಗಳ ನಡುವಿನ ಸಂದನ್ನು ಕೊರೆಯುತ್ತೆ. ಆದರೆ ಅದೊಂದೇ ಸಾಲದು. ತಣ್ಣಗೆ ಎಳೆದು ಹಿಸುಕಿದಾಗ ಲೋಹದೊಳಗೆ ಉಳಿದುಹೋದ ಬಿಗಿತವೂ ಬೇಕು. ಬಿಗಿತ ಇಲ್ಲದ ಹಿತ್ತಾಳೆಗೆ ಅಮೋನಿಯಾ ಬರೀ ಬಣ್ಣ ಕೆಡಿಸುತ್ತೆ. ಅಮೋನಿಯಾ ಸೋಕದ ಬಿಗಿ ಹಿತ್ತಾಳೆ ವರ್ಷಗಟ್ಟಲೆ ಸುಮ್ಮನಿರುತ್ತೆ. ಎರಡೂ ಕೂಡಿದರೆ ಮಾತ್ರ ಬಿರುಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಎರಡು ಕಂಡೀಶನ್ ಒಟ್ಟಿಗೆ ಟ್ರೂ ಆದಾಗ ಮಾತ್ರ ಬರೋ ಬಗ್. ಅಂಥದ್ದು ಡೆವಲಪರ್ ಮಷೀನಿನಲ್ಲಿ ಯಾವತ್ತೂ ಕಾಣಿಸಲ್ಲ, ಪ್ರೊಡಕ್ಷನ್‌ನಲ್ಲೇ ಬರುತ್ತೆ. ಇಂಗ್ಲೆಂಡಿನ ಕಾರ್ಖಾನೆಯಿಂದ ಫಳಫಳ ಹೊಳೆಯುತ್ತಾ ಹೊರಟ ತೋಟಾದೊಳಗೆ ಅರ್ಧ ಬಿರುಕು ಆಗಲೇ ಕೂತಿತ್ತು ಅಂತಾಯ್ತು.

ಪರಿಹಾರ ಕಂಚುಗಾರನದ್ದೇ: ಕಾಯಿಸೋದು. ಆದರೆ ಲೆಕ್ಕಾಚಾರದ ಮೇಲೆ. ಕವಚದ ಬುಡ ಗಟ್ಟಿಯಾಗಿಯೇ ಇರಬೇಕು. ಇವತ್ತಿನ ರೈಫಲ್‌ನಲ್ಲಿ ಚದರ ಇಂಚಿಗೆ ಸುಮಾರು 60 ಸಾವಿರ ಪೌಂಡ್ ಒತ್ತಡ ಬೀಳುತ್ತೆ, ಬುಡ ಮೆತ್ತಗಾದರೆ ಹಾರಿಸುವವನ ಮುಖಕ್ಕೇ ಅಪಾಯ. ಹಾಗಾಗಿ ಕತ್ತು ಮತ್ತು ಭುಜವನ್ನಷ್ಟೇ ಕಾಯಿಸಿ ಹದ ಮಾಡಬೇಕು.

ಹಾರಿಸಿದ ತೋಟಾವನ್ನು ಮತ್ತೆ ತುಂಬುವವರಿಗೆ ಇದೇ ಕಾಟ ಇನ್ನೊಂದು ವೇಷದಲ್ಲಿ ಬರುತ್ತೆ. ಅಮೆರಿಕದಲ್ಲಿ ಇದು ಹಳೇ ಕಸುಬು. 1870ರ ದಶಕದ ಬೈಸನ್ ಬೇಟೆಗಾರರು ಬಯಲಿನಲ್ಲೇ ಕೂತು ಖಾಲಿ ಕವಚಕ್ಕೆ ಮದ್ದು ತುಂಬುತ್ತಿದ್ದರು. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಅಪರಾಧ, ನೆನಪಿರಲಿ.) ಗುಂಡು ಹಾರಿದಾಗ ಕತ್ತು ಹಿಗ್ಗಿ ಬಂದೂಕಿನ ಗೋಡೆಗೆ ಅಂಟುತ್ತೆ, ಅನಿಲ ಹಿಂದೆ ಬರದಂತೆ ತಡೆಯುತ್ತೆ, ಆಮೇಲೆ ಸ್ವಲ್ಪ ಕುಗ್ಗುತ್ತೆ. ಪೂರ್ತಿ ಮೊದಲಿನ ಅಳತೆಗೆ ಬರಲ್ಲ. ಹೊಸ ಗುಂಡು ಇಟ್ಟರೆ ಒಳಗೆ ಜಾರಿ ಬೀಳುತ್ತೆ. ಅದಕ್ಕೇ ಡೈ ಅನ್ನೋ ಉಕ್ಕಿನ ಅಚ್ಚಿನೊಳಗೆ ತಳ್ಳಿ ಕತ್ತನ್ನು ಹಿಸುಕಬೇಕು. ಎಷ್ಟೋ ಡೈಗಳು ಬೇಕಾದ್ದಕ್ಕಿಂತ ಹೆಚ್ಚೇ ಹಿಸುಕಿ, ಹೊರಗೆಳೆಯುವಾಗ ಒಳಗಿನ ಗುಂಡಿಯಿಂದ ಮತ್ತೆ ಹಿಗ್ಗಿಸುತ್ತವೆ. ಕೊನೆಗೆ ಬೇಕಾಗಿರೋದು ಗುಂಡಿಗಿಂತ ಇಂಚಿನ ಸಾವಿರದಲ್ಲಿ 2 ಪಾಲಿನಷ್ಟು ಸಣ್ಣ ಬಾಯಿ, ಅಂದ್ರೆ ಸುಮಾರು 0.05 ಮಿಲಿಮೀಟರ್. ಅಷ್ಟಕ್ಕಾಗಿ ಕತ್ತು ಪ್ರತಿ ಸುತ್ತಿಗೂ ಮೂರು ಸಲ ನಲುಗುತ್ತೆ: ಹಾರಿಸಿದಾಗ, ಹಿಸುಕಿದಾಗ, ಹಿಗ್ಗಿಸಿದಾಗ. ಹಾಗೇ ಬಿಟ್ಟರೆ ಕೆಲವೇ ಸುತ್ತಿನಲ್ಲಿ ಉದ್ದಕ್ಕೆ ಸೀಳು. ಅಳತೆಗೆ ತಕ್ಕಷ್ಟೇ ಹಿಸುಕೋ ಬುಶಿಂಗ್ ಡೈ ಬಂದದ್ದು ಈ ನಲುಗಾಟ ಕಡಿಮೆ ಮಾಡೋಕೆ.

ಹಳಬರು ಬಾಣಲೆಯಲ್ಲಿ ನೀರು ಹಾಕಿ, ಕವಚಗಳನ್ನು ಸಾಲಾಗಿ ನಿಲ್ಲಿಸಿ, ನೀರಿನ ಮೇಲಿರುವ ಕತ್ತಿಗಷ್ಟೇ ಬೆಂಕಿ ಹಿಡಿದು ತಟ್ಟನೆ ಉರುಳಿಸೋರು. ಬುಡ ತಣ್ಣಗೆ, ಕತ್ತು ಹದಕ್ಕೆ. ಅಮೋನಿಯಾ ಇರೋ ಪಾಲಿಶ್ ಹಾಕಿ ಕವಚ ಉಜ್ಜಬೇಡಿ ಅಂತ ಅವರು ಈಗಲೂ ಹೊಸಬರಿಗೆ ಹೇಳ್ತಾರೆ. ಆ ಎಚ್ಚರಿಕೆಯ ಹಿಂದೆ ಇರೋದು ಲಾಯದ ಅದೇ ಪಾಠ.

ಅಮೆರಿಕದ ಮಿಲಿಟರಿ ತೋಟಾಗಳ ಕತ್ತಿನ ಸುತ್ತ ಇವತ್ತಿಗೂ ಒಂದು ಮಾಸಲು ಬಣ್ಣದ ಪಟ್ಟಿ ಕಾಣುತ್ತೆ, ಸುಟ್ಟ ಪಾತ್ರೆಯ ಕಲೆ ಥರ. ಅದು ಅನೀಲಿಂಗ್‌ನ ಗುರುತು. ಅಂಗಡಿಗೆ ಬರೋ ತೋಟಾಗಳಿಗೂ ಅದೇ ಶಾಖ ಕೊಟ್ಟಿರ್ತಾರೆ, ಆದರೆ ಹಳೇ ಮಾಲು ಅಂತ ಗಿರಾಕಿ ಮೂಗು ಮುರಿಯದಿರಲಿ ಅಂತ ಉಜ್ಜಿ ಹೊಳಪು ಬರಿಸ್ತಾರೆ.